ನಡುವಯಸ್ಸಿನ ವಿದ್ಯಾರ್ಥಿ

ಕೋಲಾರ ತಾಲ್ಲೂಕಿನ ಕ್ಯಾಲನೂರಿನ ಗೃಹಸ್ಥರೊಬ್ಬರು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದರು. "ಸ್ವಾಮಿ, ನನ್ನ ಮಗನಿಗೆ ತಾವಾದರೂ ಬುದ್ಧಿ ಹೇಳಬೇಕು" ಎಂದರು. ಮಗನಿಗೆ ೩೬ ವರ್ಷ. ೧೨ ವರ್ಷಗಳಿಂದ ಬೆಂಗಳೂರಿನ ಕಂಪನಿಯೊಂದರಲ್ಲಿ ಸರಕಿನ ಖರೀದಿ, ದಾಸ್ತಾನು, ಸಾಗಣೆಗಳ ಮೇಲ್ವಿಚಾರಣೆ, ಕೈತುಂಬ ಸಂಬಳ. ಈಗ ಅದನ್ನು ಬಿಟ್ಟು, ಸರಕು ಉತ್ಪಾದಕನಿಂದ ಬಳಕೆದಾರನವರೆಗೆ ಸಾಗುವ ಪೂರೈಕೆ ಸರಪಳಿಯನ್ನು ಕುರಿತು ಪಿಎಚ್.ಡಿ. ಮಾಡುವೆನೆಂದು ಹಟ ಹಿಡಿದಿದ್ದಾನೆ. "ಕೂದಲು ನೆರೆಯುವ ಕಾಲಕ್ಕೆ ಬಳಪ ಹಿಡಿಯುವುದುಂಟೆ?" ಎಂಬುದು ತಂದೆಯ ಅಳಲು.

ಮಗನನ್ನು ಕರೆಸಿ ಕೇಳಿದೆನು. "ಗುರುಗಳೇ, ಕಂಪನಿಯಲ್ಲಿ ಸರಕು ಹೊತ್ತಿಗೆ ತಲುಪಿದರೆ ಸಾಕು, ತಡವಾದುದೇಕೆಂದು ಆಳವಾಗಿ ವಿಚಾರಿಸಲು ಯಾರಿಗೂ ಬಿಡುವಿಲ್ಲ. ನಮ್ಮ ತೋಟದ ಟೊಮೆಟೊ ಒಮ್ಮೆ ಬಂಗಾರ, ಇನ್ನೊಮ್ಮೆ ಕಸ. ಇದರ ಮೂಲವನ್ನು ತಿಳಿಯಬೇಕು" ಎಂದನು.

ಈ ಮಾತು ನನ್ನನ್ನು ಚಿಂತನೆಗೆ ಹಚ್ಚಿತು. ೨೦೨೩ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ೧೫ ಕಿಲೋ ಟೊಮೆಟೊ ಬಾಕ್ಸಿನ ಬೆಲೆ ೨,೦೦೦ ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದುದನ್ನೂ ನಾವು ಕಂಡಿದ್ದೇವೆ. ಬೆಲೆ ಏರಿತೆಂದು ಎಲ್ಲರೂ ನಾಟಿ ಮಾಡಿದರೆ, ಎಲ್ಲರ ಹಣ್ಣೂ ಒಮ್ಮೆಗೇ ಬಂದು ಬೆಲೆ ಕುಸಿಯುತ್ತದೆ.

ಕಾರ್ಖಾನೆಗಳ ಲೋಕದಲ್ಲಿಯೂ ಬೇರೊಂದು ಬಗೆಯ ಏರುಪೇರುಂಟು. ಮಕ್ಕಳು ಬಳಸುವ ಡೈಪರುಗಳ ಸಂಖ್ಯೆ ಹೆಚ್ಚುಕಡಮೆ ಒಂದೇ ಸಮನಿದ್ದರೂ, ವಿತರಕರ ಬೇಡಿಕೆ ವಿಪರೀತ ಏರಿಳಿಯುವುದನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಕಂಡಿದ್ದರು. ಚಾವಟಿಯ ಹಿಡಿಯನ್ನು ಕೊಂಚ ಅಲುಗಿಸಿದರೆ ತುದಿ ಬಹುದೂರ ಬೀಸುವಂತೆ. ಹೌ ಲೀ, ಪದ್ಮನಾಭನ್, ವಾಂಗ್ ಎಂಬ ವಿದ್ವಾಂಸರು ೧೯೯೭ರಲ್ಲಿ ಇದರ ಕಾರಣಗಳನ್ನು ಬಿಡಿಸಿಟ್ಟರು: ಪ್ರತಿಯೊಬ್ಬನೂ ತನ್ನ ಮುಂದಿನವನ ಬೇಡಿಕೆಯಿಂದಲೇ ಅಂದಾಜು ಕಟ್ಟುವುದು, ಸರಕನ್ನು ಒಟ್ಟುಗೂಡಿಸಿ ತರಿಸುವುದು, ಬೆಲೆಯ ಏರಿಳಿತ, ಕೊರತೆಯ ಭಯದಿಂದ ಬೇಕಾದುದಕ್ಕಿಂತ ಹೆಚ್ಚು ಕೇಳುವುದು. ವ್ಯವಹಾರಸ್ಥರು ಕಂಡುದನ್ನು ವಿದ್ವಾಂಸರು ಅರ್ಥೈಸಿದರು. ಕಂಡವನೇ ಅರ್ಥೈಸಲೂ ಕಲಿತರೆ ಲಾಭವಲ್ಲವೇ? ಆತನ ೧೨ ವರ್ಷಗಳ ಅನುಭವ ವ್ಯರ್ಥವಾಗದು, ಅದೇ ಮೂಲಧನ.

ಆದರೆ ಮಗನಿಗೂ ಎರಡು ಮಾತು ಹೇಳಿದೆನು. ಕಂಪನಿಯಲ್ಲಿ ನಿನ್ನ ಆಜ್ಞೆಗೆ ಹತ್ತು ಜನ ಏಳುತ್ತಿದ್ದರು. ಇಲ್ಲಿ ನಿನಗಿಂತ ಕಿರಿಯ ಅಧ್ಯಾಪಕರು ನಿನ್ನ ಬರಹವನ್ನು ಮೂರು ಸಲ ಹಿಂದಿರುಗಿಸಿಯಾರು. ಮರೆತ ಗಣಿತವನ್ನು ಮೊದಲಿನಿಂದ ಕಲಿಯಬೇಕು. ಸಂಬಳದ ಬದಲು ಶಿಷ್ಯವೇತನದಲ್ಲಿ ಐದು ವರ್ಷ ಮನೆ ನಡೆಯುವುದೇ ಎಂದು ಹೆಂಡತಿಯೊಡನೆ ಕುಳಿತು ಲೆಕ್ಕ ಹಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಉದ್ಯೋಗದಾತರ ಸಮ್ಮತಿಯಿದ್ದರೆ, ನೌಕರಿಯಲ್ಲಿದ್ದುಕೊಂಡೇ ಪಿಎಚ್.ಡಿ.ಗೆ ಸೇರುವ ದಾರಿಯೂ ಉಂಟು, ಅದನ್ನೂ ವಿಚಾರಿಸು.

ಕೊನೆಗೆ, ಒಂದು ವರ್ಷ ನೌಕರಿಯಲ್ಲಿಯೇ ಇದ್ದು, ಹಣ ಕೂಡಿಟ್ಟು, ಸಂಜೆಯ ಹೊತ್ತು ಸಂಖ್ಯಾಶಾಸ್ತ್ರ ಓದುವುದೆಂದು ತೀರ್ಮಾನವಾಯಿತು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. ಹೊರಡುವಾಗ ಮೆಲ್ಲನೆ, "ಹಣ್ಣು ಸುರಿದ ದಿನ ಟ್ರ್ಯಾಕ್ಟರಿನ ಮೇಲೆ ನಿಂತಿದ್ದವನು ಇವನೇ, ಸ್ವಾಮಿ. ಓದಲಿ ಬಿಡಿ" ಎಂದರು.