ದುರ್ಬೀನು ಯಾವುದಾದರೇನು, ಹಕ್ಕಿ ಅದೇ ತಾನೆ!

ಸೋದರಿಯರೆ, ಕಳೆದ ಚಳಿಗಾಲದಲ್ಲಿ ನಮ್ಮೂರ ಕೆರೆ ಏರಿಯ ಮೇಲೆ ನಡೆದ ಮಾತಿದು. ನನ್ನ ಕೈಯಲ್ಲಿ ಮಗ ಜಾತ್ರೆಯಲ್ಲಿ ಕೊಂಡು ತಂದಿದ್ದ ಅಗ್ಗದ ದುರ್ಬೀನು. ಪಕ್ಕದಲ್ಲಿದ್ದವರೊಬ್ಬರು ಅದನ್ನು ತಿರುಗಿಸಿ ನೋಡಿ, "ಯಾವ ಕಂಪನಿದಮ್ಮ ಇದು? ಇದರಲ್ಲಿ ಏನು ಕಾಣುತ್ತೆ!" ಅಂದುಬಿಟ್ಟರು. ಮನೆಗೆ ಬಂದವಳೇ ಅದನ್ನು ಬೀರುವಿನ ಮೇಲಿಟ್ಟೆ. ಎರಡು ತಿಂಗಳು ಕೆರೆ ಕಡೆ ಹೋಗಲೇ ಇಲ್ಲ. ಅಷ್ಟರಲ್ಲಿ ಚಳಿಗಾಲಕ್ಕೆ ಬಂದಿದ್ದ ಬಾತುಗಳು ಉತ್ತರಕ್ಕೆ ಹಾರಿಹೋಗಿದ್ದವು. ನಷ್ಟ ಯಾರಿಗಾಯಿತು ಹೇಳಿ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ಕೇಳಿದ್ದೀರಲ್ಲ? ಅಲ್ಲಿ ಊರ ನಡುವಿನ ಹುಣಸೆ ಮರಗಳಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಅವನ್ನು ಕಾಣುತ್ತಾರೆ. ಆ ಅಕ್ಕರೆಗೆ ದುರ್ಬೀನೇನೂ ಬೇಕಾಗಲಿಲ್ಲ.

ನಮ್ಮ ಹಿತ್ತಲಲ್ಲೂ ಅಷ್ಟೆ. ಕುಹೂ ಅನ್ನುವ ಕಪ್ಪು ಕೋಗಿಲೆ ಗಂಡು. ಕಂದು ಮೈಗೆ ಬಿಳಿ ಚುಕ್ಕೆ ಇರುವುದು ಹೆಣ್ಣು. ಕಾಗೆ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವವಳು ಅವಳೇ. ಸಿಂಪಿಗ ಹಕ್ಕಿ ಹತ್ತಿಯ ಎಳೆ, ಜೇಡರ ನೂಲಿನಿಂದ ಎಲೆಯ ಅಂಚು ಹೊಲಿಯುತ್ತೆ. ಇದನ್ನೆಲ್ಲ ಅಡಿಗೆಮನೆ ಕಿಟಕಿಯಿಂದಲೇ ನೋಡಬಹುದು.

ಬೆಲೆಯ ದುರ್ಬೀನಿನಲ್ಲಿ ಮಬ್ಬು ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತೆ, ಸುಳ್ಳಲ್ಲ. ಆದರೆ ಕೊಳ್ಳುವಾಗ ಹೆಸರಿಗಿಂತ ಮೊದಲು ಅದರ ಮೇಲಿನ ಅಂಕಿ ನೋಡಿ. 8×42 ಎಂದಿದ್ದರೆ 8 ಪಟ್ಟು ಹತ್ತಿರ ತೋರುತ್ತೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. 7 ಅಥವಾ 8 ಪಟ್ಟು ನಮಗೆ ಧಾರಾಳವಾಯಿತು. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಹೆಚ್ಚಾಗಿ ಕಾಣುತ್ತೆ.

ಮನೆಯಲ್ಲಿ ಇರುವುದನ್ನೇ ಸರಿಪಡಿಸಿಕೊಳ್ಳುವ ಕ್ರಮ ಹೀಗೆ: ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆ ಕಣ್ಣಿಡುವಲ್ಲಿ ಬಳೆಯಂತಿರುವುದನ್ನು ತಿರುಗಿಸಿ. ಹಕ್ಕಿಯನ್ನು ಮೊದಲು ಬರಿಗಣ್ಣಿನಲ್ಲಿ ಕಂಡುಕೊಂಡು, ದೃಷ್ಟಿ ಕದಲಿಸದೆ ದುರ್ಬೀನು ಎತ್ತಿ. ಸೂರ್ಯನತ್ತ ಮಾತ್ರ ಎಂದಿಗೂ ಹಿಡಿಯಬೇಡಿ, ಕಣ್ಣೇ ಹೋದೀತು. ಮಕ್ಕಳಿಗೂ ಹೇಳಿಡಿ.

ನನ್ನ ದುರ್ಬೀನೇನೋ ಬೀರುವಿನಿಂದ ಕೆಳಗಿಳಿಯಿತು. "ಯಾವ ಕಂಪನಿ?" ಅಂತ ಈಗ ಯಾರಾದರೂ ಕೇಳಿದರೆ, "ಮೊದಲು ಆ ಹಕ್ಕಿ ನೋಡಿ" ಅಂತ ಅವರ ಕೈಗೇ ಕೊಡುತ್ತೇನೆ. ದುರ್ಬೀನು ಇಲ್ಲದವರು ನಾಳೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಿ. ಏನು ಕಂಡಿತೆಂದು ನನಗೂ ಬರೆಯುತ್ತೀರಲ್ಲ?