ಯಂತ್ರಕ್ಕೆ ಮನುಷ್ಯರ ಮುಖವೇಕೆ?

ಮಣ್ಣೆತ್ತಿನ ಅಮಾವಾಸ್ಯೆಯಂದು ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮಕ್ಕಳು ಮಣ್ಣಿನಿಂದ ಜೋಡೆತ್ತುಗಳನ್ನು ಮಾಡಿ ಅಕ್ಕರೆಯಿಂದ ನೋಡಿಕೊಳ್ಳುವದನ್ನು ವಾಚಕರೆಲ್ಲರೂ ಬಲ್ಲರು. ಆ ಎತ್ತು ಹೊಲವನ್ನು ಉಳಲಾರದೆಂಬುದು ಮಗುವಿಗೆ ಗೊತ್ತು. ಆದರೂ ಅದರ ಕೊಂಬು ಮುರಿದರೆ ಮಗು ಅಳುವದು. ರೂಪವನ್ನು ಕಂಡೊಡನೆ ಮಮತೆ ತಾಳುವದು ಮನುಷ್ಯಸ್ವಭಾವವಷ್ಟೆ. ಈ ಸ್ವಭಾವವನ್ನೇ ಬಂಡವಲಾಗಿ ಮಾಡಿಕೊಂಡು, ಸೇವೆಗೆ ನಿಲ್ಲಿಸುವ ಯಂತ್ರಗಳಿಗೆ ಕಣ್ಣು, ಮುಖ, ಇಂಪಾದ ದನಿಗಳನ್ನು ಕೊಡುವ ಪದ್ಧತಿಯು ಈಗ ಹೆಚ್ಚುತ್ತಿರುವದು.

ಬೆಂಗಳೂರಿನಲ್ಲಿ ತಯಾರಾದ ‘ಮಿತ್ರ’ ಎಂಬ ಯಂತ್ರಮಾನವನು 2017ರಲ್ಲಿ ಹೈದರಾಬಾದಿನ ಸಮ್ಮೇಲನವೊಂದರಲ್ಲಿ ಪ್ರಧಾನಮಂತ್ರಿಗಳನ್ನು ಸ್ವಾಗತಿಸಿದನು. 2020ರ ಕೋವಿಡ್ ಪಿಡುಗಿನಲ್ಲಿ ಆಸ್ಪತ್ರೆಗಳನ್ನು ಹೊಕ್ಕು, ಬೆಂಗಳೂರಿನಲ್ಲಿ ಒಳಬರುವವರ ಮೈಕಾವನ್ನು ಪರೀಕ್ಷಿಸಿದನು; ನೋಯ್ಡಾದಲ್ಲಿ ಒಂಟಿಯಾಗಿ ಮಲಗಿದ್ದ ರೋಗಿಗಳಿಗೆ ತನ್ನ ಎದೆಯ ಪರದೆಯ ಮೇಲೆ ಮನೆಯವರನ್ನು ತೋರಿಸಿದನು. ಇದು ಉಪಕಾರವೇ ಸರಿ. ಆದರೆ ರೋಗಿಯನ್ನು ಸಂತೈಸಿದ್ದು ಯಂತ್ರದ ಮುಖವಲ್ಲ, ಪರದೆಯಲ್ಲಿ ಕಂಡ ಮಗಳ ಮುಖವೆಂದು ನನ್ನ ಎಣಿಕೆ.

ಜಪಾನಿನ ಮಸಾಹಿರೋ ಮೋರಿ ಎಂಬ ಪ್ರಾಧ್ಯಾಪಕರು 1970ರಲ್ಲಿಯೇ ಒಂದು ವಿಚಾರವನ್ನು ಮುಂದಿಟ್ಟರು. ಯಂತ್ರವು ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರ ಮೇಲೆ ಒಲವು ಹೆಚ್ಚುವದು. ಹೋಲಿಕೆಯು ಬಹುಮಟ್ಟಿಗೆ ಪೂರ್ಣವಾಗುವ ಹೊತ್ತಿಗೆ ಒಮ್ಮೆಲೆ ಅಳುಕು ಹುಟ್ಟುವದು. ನಿಜವಾದ ಕೈಯೆಂದು ಹಿಡಿದದ್ದು ತಣ್ಣಗಿನ ಕೃತಕ ಹಸ್ತವಾದರೆ ಮೈ ಜುಮ್ಮೆನ್ನುವದಲ್ಲವೇ? ಆದರೆ ನನಗೆ ಅಳುಕಿಗಿಂತ ಒಲವಿನ ಭಯವೇ ಹೆಚ್ಚು. 1966ರಲ್ಲಿ ಅಮೇರಿಕೆಯ ವೈಜೆನ್‌ಬಾಮರು ರಚಿಸಿದ ‘ಎಲೈಜಾ’ಕ್ಕೆ ಮುಖವೇ ಇರಲಿಲ್ಲ, ಅಕ್ಷರಗಳಲ್ಲಿ ಮರುಪ್ರಶ್ನೆ ಕೇಳುವದಷ್ಟೇ ಅದರ ಕೆಲಸ. ಆದರೂ ಅವರ ಕಾರ್ಯದರ್ಶಿನಿಯು ಅದರೊಡನೆ ಏಕಾಂತದಲ್ಲಿ ಮಾತಾಡಬೇಕೆಂದು ಅವರನ್ನೇ ಕೋಣೆಯಿಂದ ಹೊರಗೆ ಹೋಗಹೇಳಿದರಂತೆ! ಬರಿಯ ಅಕ್ಷರಕ್ಕೆ ಇಷ್ಟು ಶಕ್ತಿಯಿದ್ದರೆ ನಗುವ ಮುಖಕ್ಕೆ ಎಷ್ಟಿರಬೇಡ?

ಹೆಣ್ಣುಮಕ್ಕಳ ಶಾಲೆಯವರಾದ ನಾವು ಇನ್ನೊಂದನ್ನೂ ಕೇಳತಕ್ಕದ್ದು. ಆಜ್ಞೆಗಾಗಿ ಕಾದಿರುವ ಯಂತ್ರಗಳಿಗೆ ಬಹುಶಃ ಹೆಣ್ಣಿನ ದನಿಯನ್ನೇ ಕೊಡುವದೇಕೆ? 2019ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಆಕ್ಷೇಪಿಸಿತು. ಬೈದರೂ ಮೃದುವಾಗಿಯೇ ಉತ್ತರಿಸುವ ದನಿಯನ್ನು ಕೇಳುತ್ತ ಬೆಳೆದ ಹುಡುಗನು ನಾಳೆ ದಾದಿಯೊಡನೆ, ತಂಗಿಯೊಡನೆ ಹೇಗೆ ಮಾತಾಡುವನು? ತಂದೆತಾಯಿಗಳು ಇದನ್ನು ಹಗುರವಾಗಿ ಎಣಿಸಬಾರದು.

ದೂರದ ಪಟ್ಟಣಗಳಲ್ಲಿ ದುಡಿಯುವ ಮಕ್ಕಳು ಶಹಾಬಾದದ ಮನೆಯಲ್ಲಿರುವ ವೃದ್ಧ ತಾಯಿಗೆ ಇಂಥ ಯಂತ್ರವನ್ನು ತರಿಸುವ ಕಾಲವು ಬಂದೀತು. ತರಿಸಲಿ, ಅದು ಔಷಧದ ವೇಳೆಯನ್ನು ನೆನಪಿಸಲಿ, ಆಕೆ ಬಿದ್ದರೆ ನೆರೆಯವರನ್ನು ಕರೆಯಲಿ. ಆದರೆ ಅದು ಯಂತ್ರದಂತೆಯೇ ಕಾಣಲಿ. “ಅವ್ವಾ, ನಿನ್ನ ನೆನಪು ಬಂತು” ಎನ್ನುವದನ್ನು ಮಾತ್ರ ಅದಕ್ಕೆ ಕಲಿಸಬಾರದು. ಆ ಮಾತನ್ನು ಮಗಳೇ ವಾಡಿಯಲ್ಲಿ ರೈಲು ಇಳಿದು ಬಂದು ಹೇಳಲಿ.