ತುಟಿಯ ಕೊನೆಯಲ್ಲಿ ಉಳಿದ ಅಳು

ಅಳು ಬರುವ ಮುನ್ನ ಬಾಯಿಯ ಎರಡೂ ಕೊನೆಗಳು ಕೆಳಕ್ಕೆ ಜಾರುತ್ತವೆ. ಎಳೆ ಮಗುವಿರುವ ಮನೆಯಲ್ಲಿ ಇದನ್ನು ದಿನಕ್ಕೆ ಹತ್ತು ಸಲ ನೋಡಬಹುದು. ಕೈಯಲ್ಲಿದ್ದ ಗಿಲಕಿ ಜಾರಿ ಬಿದ್ದರೆ ಸಾಕು, ಮೊದಲು ಹುಬ್ಬು ಗಂಟಾಗುತ್ತದೆ, ಆಮೇಲೆ ತುಟಿ ಬಿಲ್ಲಿನಂತೆ ಬಾಗುತ್ತದೆ, ಅದರ ಹಿಂದೆಯೇ ಬೀದಿಗೆಲ್ಲ ಕೇಳಿಸುವ ಕೂಗು. ಅನುಭವಸ್ಥ ಅಜ್ಜಿಯಂದಿರು ಕೂಗಿಗಾಗಿ ಕಾಯುವುದಿಲ್ಲ. ತುಟಿ ಬಾಗಿದ್ದು ಕಂಡೊಡನೆ ಮಗುವನ್ನು ಎತ್ತಿಕೊಳ್ಳುತ್ತಾರೆ. ಆದರೆ ತುಟಿಯ ಕೊನೆ ಕೆಳಕ್ಕೇ ಏಕೆ ಜಾರಬೇಕು? ದೊಡ್ಡವರಿಗೆ ದುಃಖವಾದಾಗ ಹುಬ್ಬಿನ ಒಳತುದಿ ಮೇಲಕ್ಕೇರುವುದೇಕೆ?

ಈ ಪ್ರಶ್ನೆಗಳ ಬೆನ್ನು ಹತ್ತಿ ಮೂವತ್ತು ವರ್ಷಕ್ಕೂ ಮೀರಿ ಟಿಪ್ಪಣಿ ಕೂಡಿಟ್ಟು, 1872ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಪ್ರಕಟಿಸಿದವನು ಚಾರ್ಲ್ಸ್ ಡಾರ್ವಿನ್. ಹಡಗಿನಲ್ಲಿ ಲೋಕ ಸುತ್ತಿದ ಡಾರ್ವಿನ್, ಗಲಪಗೋಸ್ ದ್ವೀಪಗಳ ಹಕ್ಕಿಗಳ ಡಾರ್ವಿನ್, ಬಿಳಿ ಗಡ್ಡದ ಡಾರ್ವಿನ್ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಮನುಷ್ಯರಲ್ಲಿಯೂ ಪ್ರಾಣಿಗಳಲ್ಲಿಯೂ ಭಾವನೆಗಳು ಹೊರಗೆ ಹೇಗೆ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಕುರಿತ ಈ ಪುಸ್ತಕದ ಹೆಸರು ಪಠ್ಯಗಳಲ್ಲಿ ಸಿಗುವುದು ಅಪರೂಪ. ಪರೀಕ್ಷೆಗೆ ಬಾರದ ಪುಸ್ತಕವಾದ್ದರಿಂದ ನೆಮ್ಮದಿಯಾಗಿ ಓದಬಹುದು!

ಡಾರ್ವಿನ್ನನ ಮೊದಲ ಮಗ ವಿಲಿಯಂ ಹುಟ್ಟಿದ್ದು 1839ರ ಡಿಸೆಂಬರ್ 27ರಂದು. ಅಂದಿನಿಂದಲೇ ತಂದೆ ಒಂದು ಟಿಪ್ಪಣಿ ಪುಸ್ತಕ ತೆರೆದ. ಕೂಸುಗಳು ಹುಟ್ಟಿದಾಗಿನಿಂದ ಕಿರುಚುತ್ತವೆ, ಆದರೆ ಮೊದಲ ವಾರಗಳಲ್ಲಿ ಅವುಗಳ ಕಣ್ಣಲ್ಲಿ ನೀರು ಬರುವುದಿಲ್ಲ ಎಂಬುದನ್ನು ಅವನು ಕಂಡುಕೊಂಡದ್ದು ಒಂದು ಆಕಸ್ಮಿಕದಿಂದ. ಕೋಟಿನ ತೋಳಿನ ಅಂಚು 77 ದಿನದ ಮಗುವಿನ ಒಂದು ಕಣ್ಣಿಗೆ ತಗುಲಿತು. ಆ ಕಣ್ಣಿನಲ್ಲಿ ನೀರು ಧಾರಾಳವಾಗಿ ಬಂತು. ಮಗು ಜೋರಾಗಿ ಅತ್ತರೂ ಇನ್ನೊಂದು ಕಣ್ಣು ಹೆಚ್ಚುಕಡಿಮೆ ಒಣಗಿಯೇ ಇತ್ತು. ಅದೇ ಕೂಸಿನ ಕೆನ್ನೆಯ ಮೇಲೆ ಅಳುವಾಗ ಕಣ್ಣೀರು ಮೊದಲು ಇಳಿದದ್ದು 139ನೆಯ ದಿನ. ಮಗು ಅಳುವಾಗ ದಿನ ಎಣಿಸುವ ತಂದೆ ಎಂದು ಕೆಲವರು ನಗಬಹುದು. ಆದರೆ ಅವನ ಮಗ ಫ್ರಾನ್ಸಿಸ್ ಮುಂದೆ ಬರೆದಿಟ್ಟ ಮಾತು ಬೇರೆ. ಅಳುವ ಮಗುವಿನ ಮುಖವನ್ನು ಸರಿಯಾಗಿ ಗಮನಿಸಬೇಕೆಂದು ಡಾರ್ವಿನ್ ಕುಳಿತರೆ, ಮಗುವಿನ ಸಂಕಟ ತನ್ನದೇ ಆಗಿ ಗಮನಿಸುವ ಕೆಲಸ ಕೆಟ್ಟುಹೋಗುತ್ತಿತ್ತಂತೆ.

ಅವನ ಎರಡನೆಯ ಮಗು ಆನಿ. 1841ರ ಮಾರ್ಚ್ 2ರಂದು ಹುಟ್ಟಿದವಳು, ಮನೆಗೆ ಹಿರಿಯ ಮಗಳು. ಮನೆಯ ಬಳಿ ಡಾರ್ವಿನ್ ದಿನವೂ ಅಡ್ಡಾಡುವ ಮರಳು ಹಾಸಿದ ಕಾಲುದಾರಿಯೊಂದಿತ್ತು. ಅವನು ವೇಗವಾಗಿ ನಡೆಯುತ್ತಿದ್ದರೂ ಇವಳು ಮುಂದೆ ಮುಂದೆ ಗಿರಕಿ ಹೊಡೆಯುತ್ತ ಸಾಗುತ್ತಿದ್ದಳು. ಅಪ್ಪನ ಕೂದಲನ್ನು ಅರ್ಧ ಗಂಟೆ ಬಾಚಿ ಚಂದ ಮಾಡುವುದು ಅವಳ ಆಟ. ಅಪ್ಪನಿಗೆ ನಶ್ಯದ ಚಟ. ಕದ್ದ ನಶ್ಯದ ಚಿಟಿಕೆ ಹಿಡಿದು ಮೆಟ್ಟಿಲಿಳಿದು ಓಡಿ ಬರುವುದು ಇನ್ನೊಂದು ಆಟ. ನಿಘಂಟಿನಲ್ಲಿ ಪದ ಹುಡುಕುವುದು, ನಕ್ಷೆಯಲ್ಲಿ ಊರು ಹುಡುಕುವುದು, ಒಂದೇ ಪುಸ್ತಕದ ಎರಡು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ಪದ ಪದವನ್ನೂ ಹೋಲಿಸುವುದು ಅವಳಿಗೆ ಇಷ್ಟ. ತಂದೆಯ ಗುಣ ಯಾವ ಮಗುವಿಗೆ ಬಂದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

1850ರ ಬೇಸಿಗೆಯಿಂದ ಆನಿಯ ಆರೋಗ್ಯ ಇಳಿಮುಖವಾಯಿತು. ಮರುವರ್ಷ ಮಾರ್ಚ್‌ನಲ್ಲಿ ಅವಳನ್ನು ಮಾಲ್ವರ್ನ್ ಎಂಬ ಊರಿಗೆ ಕರೆದೊಯ್ದರು. ಅಲ್ಲಿ ಡಾಕ್ಟರ್ ಗಲ್ಲಿ ಎಂಬವರು ತಣ್ಣೀರಿನ ಚಿಕಿತ್ಸೆ ನಡೆಸುತ್ತಿದ್ದರು. 1849ರಲ್ಲಿ ಡಾರ್ವಿನ್ನನಿಗೇ ಅದರಿಂದ ಗುಣ ಕಂಡಿತ್ತು. ಏಪ್ರಿಲ್ ನಡುವೆ ಜ್ವರ ಏರಿತೆಂಬ ಸುದ್ದಿ ಬಂದು ಡಾರ್ವಿನ್ ಧಾವಿಸಿದ. ತಾಯಿ ಎಮ್ಮಾ ತುಂಬು ಗರ್ಭಿಣಿ, ಪ್ರಯಾಣ ಮಾಡುವಂತಿರಲಿಲ್ಲ. ದಿನವೂ ಕಾಗದಗಳು ಓಡಾಡಿದವು: ಮಗು ಎಷ್ಟು ಚಮಚ ನೀರು ಕುಡಿಯಿತು, ಎಷ್ಟು ಸಲ ವಾಂತಿಯಾಯಿತು, ನಾಡಿ ಹೇಗಿದೆ. ಇಂದು ಬಂದ ಕಾಗದದಲ್ಲಿದ್ದ ಆಸೆ ನಾಳಿನ ಕಾಗದಕ್ಕೆ ಉಳಿಯುತ್ತಿರಲಿಲ್ಲ. ಆ ಜ್ವರದಲ್ಲೂ ಯಾರಾದರೂ ಗುಟುಕು ನೀರು ಕುಡಿಸಿದರೆ ಹುಡುಗಿ ಉಪಕಾರ ಹೇಳುತ್ತಿದ್ದಳು. 1851ರ ಏಪ್ರಿಲ್ 23ರ ನಡುಹಗಲಿನಲ್ಲಿ ಅವಳು ತೀರಿಕೊಂಡಳು. ವಯಸ್ಸು ಹತ್ತು. ಕ್ಷಯವೇ ಇದ್ದಿರಬೇಕೆಂದು ಈಗಿನವರ ಊಹೆ. ಕ್ಷಯದ ರೋಗಾಣುವನ್ನು ರಾಬರ್ಟ್ ಕೋಖ್ ಲೋಕಕ್ಕೆ ತೋರಿಸಿದ್ದು 1882ರಲ್ಲಿ, ಅಂದರೆ ಇನ್ನೂ 31 ವರ್ಷಗಳ ನಂತರ.

ಒಂದು ವಾರ ಕಳೆದು, ಏಪ್ರಿಲ್ 30ರಂದು, ಡಾರ್ವಿನ್ ಮಗಳ ಬಗ್ಗೆ ಕೆಲವು ಪುಟ ಬರೆದ. ಅಚ್ಚಿಗಾಗಿ ಅಲ್ಲ. ಮುಂದೆ ತಾವು ಬದುಕಿದ್ದರೆ ಅವಳ ಗುಣಗಳು ಸ್ಪಷ್ಟವಾಗಿ ನೆನಪಿಗೆ ಬರಲಿ ಎಂಬುದಕ್ಕೆ ಬರೆಯುತ್ತಿರುವುದಾಗಿ ಅಲ್ಲೇ ಹೇಳಿದ್ದಾನೆ. ಮರಳುಹಾದಿ, ನಶ್ಯದ ಚಿಟಿಕೆ, ನಿಘಂಟು ಇವೆಲ್ಲ ಇಂದು ಗೊತ್ತಿರುವುದು ಆ ಪುಟಗಳಿಂದಲೇ. ಕಣ್ಣಿನ ಬೂದುಬಣ್ಣ, ಕಂದು ಕೂದಲು, ಬಿಳಿಯ ದೊಡ್ಡ ಹಲ್ಲು, ನಡಿಗೆ, ಕೈಯ ಚಲನೆ ಎಲ್ಲವೂ ಅಲ್ಲಿವೆ. ಆ ವರ್ಷಗಳಲ್ಲಿ ಡಾರ್ವಿನ್ ಕಡಲ ಬಂಡೆಗಳಿಗೆ, ಹಡಗಿನ ತಳಕ್ಕೆ ಅಂಟಿ ಬದುಕುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಲಕ್ಷಣ ಬರೆಯುತ್ತಿದ್ದ. ಅದೇ ಕಣ್ಣು, ಅದೇ ಕೈ ಇಲ್ಲೂ ಕೆಲಸ ಮಾಡಿವೆ. ಶೋಕದಲ್ಲಿ ಜನ ಸಾಮಾನ್ಯವಾಗಿ ದೊಡ್ಡ ದೊಡ್ಡ ವಿಶೇಷಣಗಳ ಮೊರೆ ಹೋಗುತ್ತಾರೆ. ಡಾರ್ವಿನ್ ಹೋದದ್ದು ವಿವರಗಳ ಮೊರೆ. ಪ್ರೀತಿಸಿದ್ದನ್ನು ಅವನು ಇಷ್ಟು ಹತ್ತಿರದಿಂದ ನೋಡುತ್ತಿದ್ದನಲ್ಲ, ವಿಜ್ಞಾನವನ್ನು ಒಣ ವಿಷಯ ಎನ್ನುವವರು ಆ ಪುಟಗಳನ್ನೊಮ್ಮೆ ಓದಬೇಕು.

ಆನಿಯ ಸಾವೇ ಅವನಿಂದ ವಿಕಾಸವಾದವನ್ನು ಬರೆಸಿತು ಎಂದು ಕತೆ ಕಟ್ಟುವವರಿದ್ದಾರೆ. ಅದು ಸರಿಯಲ್ಲ. ಆ ಸಿದ್ಧಾಂತದ ಕರಡು 1842ರಲ್ಲೂ ಅದರ ವಿಸ್ತಾರ 1844ರಲ್ಲೂ ಸಿದ್ಧವಾಗಿದ್ದವು. ಸಾವು ಆ ಮನೆಗೆ ಒಮ್ಮೆ ಬಂದು ಹೋದದ್ದೂ ಅಲ್ಲ. ಹತ್ತು ಮಕ್ಕಳಲ್ಲಿ ಮೂವರು ಚಿಕ್ಕವರಿದ್ದಾಗಲೇ ಹೋದರು. ವ್ಯಾಲೇಸ್‌ನ ಪ್ರಸಿದ್ಧ ಕಾಗದ ಬಂದದ್ದು 1858ರ ಜೂನ್ 18ರಂದು. ಅದೇ 28ರಂದು ಕಡೆಯ ಕೂಸು ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡಿತು. ಜುಲೈ 1ರಂದು ಲಂಡನ್ನಿನಲ್ಲಿ ಇಬ್ಬರ ಲೇಖನಗಳನ್ನೂ ಓದಿದಾಗ ಡಾರ್ವಿನ್ ಸಭೆಯಲ್ಲಿರಲಿಲ್ಲ.

ಮತ್ತೆ ಆ ತುಟಿಯ ವಿಷಯ. ದುಃಖದ ಮುಖ ಎಲ್ಲ ದೇಶಗಳಲ್ಲೂ ಒಂದೇ ಬಗೆಯೇ, ಇಲ್ಲವೇ ಭಾಷೆಯ ಹಾಗೆ ಊರಿಗೊಂದು ರೀತಿಯೇ? ಇದನ್ನು ತಿಳಿಯಲು ಡಾರ್ವಿನ್ 1867ರಲ್ಲಿ 16 ಪ್ರಶ್ನೆಗಳ ಒಂದು ಪಟ್ಟಿಯನ್ನು ಅಚ್ಚು ಹಾಕಿಸಿ ಲೋಕದ ಮೂಲೆಮೂಲೆಗೆ ಕಳಿಸಿದ. 36 ಉತ್ತರಗಳು ಬಂದವು. ಅವುಗಳಲ್ಲಿ ಮನಸ್ಸಿಗೆ ನಾಟುವಂಥವು ಕಲ್ಕತ್ತದ ಸಸ್ಯೋದ್ಯಾನದಲ್ಲಿ ಕೆಲಸ ಮಾಡುತ್ತಿದ್ದ ಸ್ಕಾಟ್ ಎಂಬವನು ಕಳಿಸಿದ ಎರಡು ವರದಿಗಳು.

ಮೊದಲನೆಯದು ತೋಟದ ಮಾಲಿಯೊಬ್ಬನ ಎಳೆ ವಯಸ್ಸಿನ ಹೆಂಡತಿಯದು. ನಾಗಪುರದ ಕಡೆಯ ಧಂಗರ್ ಹೆಂಗಸು. ಸಾಯುವ ಸ್ಥಿತಿಯಲ್ಲಿದ್ದ ಕೂಸು ಅವಳ ಮಡಿಲಲ್ಲಿತ್ತು. ಸ್ಕಾಟ್ ಗಿಡಗಳ ಮರೆಯಲ್ಲಿ ನಿಂತು ನೋಡಿದ. ಹುಬ್ಬಿನ ಒಳತುದಿಗಳು ಮೇಲೆದ್ದಿದ್ದವು, ರೆಪ್ಪೆ ಜೋತಿತ್ತು, ಹಣೆಯ ನಡುವೆ ನೆರಿಗೆ, ಬಾಯಿ ತುಸು ತೆರೆದು ಕೊನೆಗಳು ಕೆಳಗಿಳಿದಿದ್ದವು. ಅವನು ಎದುರು ಬಂದು ಮಾತಾಡಿಸಿದ್ದೇ ತಡ, ಅವಳು ಬೆಚ್ಚಿಬಿದ್ದು, ಬಿಕ್ಕಿ ಬಿಕ್ಕಿ ಅತ್ತು, ಕೂಸನ್ನು ಉಳಿಸಿಕೊಡಿ ಎಂದು ಬೇಡಿಕೊಂಡಳು. ಇಂಥ ತಾಯಿಯನ್ನು ಮರೆಯಲ್ಲಿ ನಿಂತು ನೋಡಿ ಟಿಪ್ಪಣಿ ಮಾಡುವುದು ಇಂದಿನ ಓದುಗರಿಗೆ ಕಸಿವಿಸಿ ತರುತ್ತದೆ, ತರಬೇಕಾದ್ದೇ.

ಎರಡನೆಯವನು ಕಾಯಿಲೆ ಮತ್ತು ಬಡತನದಿಂದ ತನ್ನ ಮುದ್ದಿನ ಆಡನ್ನು ಮಾರಬೇಕಾಗಿ ಬಂದ ಒಬ್ಬ ಹಿಂದೂಸ್ತಾನಿ. ಹಣ ಕೈಗೆ ಬಂದಿದೆ. ಒಮ್ಮೆ ಕೈಯಲ್ಲಿನ ಹಣ ನೋಡುತ್ತಾನೆ, ಒಮ್ಮೆ ಆಡನ್ನು ನೋಡುತ್ತಾನೆ, ಹಿಂದಕ್ಕೆ ಕೊಟ್ಟುಬಿಡಲೇ ಎನ್ನುವಂತೆ. ಕಟ್ಟಿಹಾಕಿದ್ದ ಆಡಿನ ಹತ್ತಿರ ಹೋದ. ಅದು ಹಿಂಗಾಲ ಮೇಲೆ ನಿಂತು ಅವನ ಕೈ ನೆಕ್ಕಿತು. ಅವನ ತುಟಿಯ ಕೊನೆಗಳು ಜಾರಿದವು. ಇನ್ನು ಬಿಟ್ಟುಕೊಡದೆ ದಾರಿಯಿಲ್ಲ ಎಂದು ಮನಸ್ಸು ಗಟ್ಟಿ ಮಾಡಿದ ಗಳಿಗೆಯಲ್ಲಿ ಹುಬ್ಬುಗಳು ಓರೆಯಾದವು. ಒಂದು ನಿಮಿಷ ಹಾಗೆಯೇ ನಿಂತ. ನಿಟ್ಟುಸಿರು ಬಿಟ್ಟು, ಗೊಳೋ ಎಂದು ಅತ್ತು, ಎರಡೂ ಕೈಯೆತ್ತಿ ಆಡನ್ನು ಹರಸಿ, ತಿರುಗಿ, ಮತ್ತೆ ನೋಡದೆ ಹೊರಟುಹೋದ.

ಸ್ನಾಯುಗಳ ಬಗ್ಗೆ ಬರೆದ ಪುಸ್ತಕದ ನಡುವೆ ಈ ಆಡು ನಿಂತಿದೆ. ಹುಬ್ಬಿನ ಓರೆಗೆ ಸಾಕ್ಷಿ ಮಾತ್ರ ಬೇಕಿದ್ದರೆ ಎರಡು ಸಾಲು ಸಾಕಿತ್ತು. ಡಾರ್ವಿನ್ ಪೂರ್ತಿ ಉಳಿಸಿಕೊಂಡ.

ಮಾನವ ಕುಲಗಳು ಬೇರೆ ಬೇರೆಯಾಗಿಯೇ ಹುಟ್ಟಿದವು, ಅವುಗಳಿಗೆ ಮೂಲ ಒಂದಲ್ಲ ಎಂದು ಹೆಸರಾಂತ ಪಂಡಿತರೇ ವಾದಿಸುತ್ತಿದ್ದ ಕಾಲ ಅದು. ಅಳುವ ಮುಖ ಎಲ್ಲೆಡೆ ಒಂದೇ ಆಗಿರುವುದು ಎಲ್ಲರೂ ಒಂದೇ ಮೂಲದವರು ಎಂಬುದಕ್ಕೆ ಇನ್ನೊಂದು ಆಧಾರ ಎಂದು ಡಾರ್ವಿನ್ ಹೇಳಿದ. ಕಲ್ಕತ್ತದ ಮಾಲಿಯ ಹೆಂಡತಿಯ ಹಣೆಯ ನೆರಿಗೆಯೂ ಎಮ್ಮಾ ಡಾರ್ವಿನ್ನಳ ಹಣೆಯ ನೆರಿಗೆಯೂ ಒಂದೇ ಸ್ನಾಯುವಿನ ಕೆಲಸ.

ಕಾರಣವೇನು? ಮಗು ಕಿರುಚುವಾಗ ಉಸಿರು ಬಿಗಿದು ಕಣ್ಣುಗಳಿಗೆ ರಕ್ತ ನುಗ್ಗುತ್ತದೆ, ಆ ಒತ್ತಡದಿಂದ ಕಣ್ಣನ್ನು ಕಾಪಾಡಲು ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ ಎಂಬುದು ಅವನ ವಿವರಣೆ. ಇದಕ್ಕಾಗಿ ಹಾಲೆಂಡಿನ ನೇತ್ರತಜ್ಞ ಡಾಂಡರ್ಸ್‌ನ ನೆರವು ಪಡೆದಿದ್ದ. ದೊಡ್ಡವರಾದ ಮೇಲೆ ಕಿರುಚುವುದನ್ನು ಎಲ್ಲರೂ ತಡೆಯಲು ಕಲಿಯುತ್ತಾರೆ. ಆದರೆ ಹಳೆಯ ಅಭ್ಯಾಸದ ಆಜ್ಞೆ ನರಗಳಲ್ಲಿ ಹರಿಯುತ್ತಲೇ ಇರುತ್ತದೆ. ಹುಬ್ಬು ಕುಗ್ಗಲು ಹೊರಟಾಗ ಹಣೆಯ ನಡುವಿನ ಸ್ನಾಯು ಅದನ್ನು ಮೇಲಕ್ಕೆ ಎಳೆದು ತಡೆಯುತ್ತದೆ. ಈ ಜಗ್ಗಾಟದಲ್ಲಿ ಹುಬ್ಬಿನ ಒಳತುದಿ ಏರಿ ಹಣೆಯ ಮೇಲೆ ಕುದುರೆ ಲಾಳದಂಥ ನೆರಿಗೆ ಮೂಡುತ್ತದೆ. ತುಟಿಯ ಕೊನೆಯನ್ನು ಕೆಳಗೆಳೆಯುವ ಸ್ನಾಯುವಂತೂ ನಮ್ಮ ಇಚ್ಛೆಗೆ ಬಗ್ಗುವುದು ಬಹಳ ಕಡಿಮೆ. ಈ ವಿವರಣೆಯ ಎಲ್ಲ ಅಂಶಗಳನ್ನೂ ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಮುಖಭಾವ ಎಷ್ಟರ ಮಟ್ಟಿಗೆ ಸಾರ್ವತ್ರಿಕ ಎಂಬ ಬಗ್ಗೆಯೂ ಮನಶ್ಶಾಸ್ತ್ರಜ್ಞರಲ್ಲಿ ವಾದ ಮುಗಿದಿಲ್ಲ. ಹೀಗೆ ಒಳಹುಬ್ಬನ್ನು ಏರಿಸುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅಷ್ಟಾಗಿ ಇಲ್ಲ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮನೆಯ ನಾಯಿ ಹಾಗೆ ನೋಡಿದಾಗ ತಟ್ಟೆಯ ದೋಸೆ ಉಳಿಯದಿರುವುದು ಸಹಜ.

ಶಿಲ್ಪಿಗಳಿಗೂ ಈ ನೆರಿಗೆ ಗೊತ್ತಿತ್ತು. ಹಾವುಗಳ ಬಿಗಿತದಲ್ಲಿ ಇಬ್ಬರು ಮಕ್ಕಳೊಂದಿಗೆ ಸಾಯುತ್ತಿರುವ ಲಾವೊಕೂನ್‌ನ ಪ್ರಾಚೀನ ಅಮೃತಶಿಲೆಯ ಪ್ರತಿಮೆ 1506ರಲ್ಲಿ ರೋಮ್ ನಗರದಲ್ಲಿ ದೊರೆಯಿತು. ಅವನ ಹುಬ್ಬು ಸರಿಯಾಗಿ ಓರೆಯಾಗಿದೆ. ಆದರೆ ನೆರಿಗೆಗಳು ನಡುವೆ ನಿಲ್ಲದೆ ಹಣೆಯ ಉದ್ದಕ್ಕೂ ಹರಿದಿವೆ, ಇದು ಅಂಗರಚನೆಯ ತಪ್ಪು ಎಂದು ಫ್ರಾನ್ಸಿನ ವೈದ್ಯ ಡ್ಯುಶೆನ್ ಆಕ್ಷೇಪಿಸಿದ್ದ. ಡಾರ್ವಿನ್ ಶಿಲ್ಪಿಯ ಪಕ್ಷ ವಹಿಸಿದ. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲವರು ಎಡವಿರಲಾರರು. ಕಲ್ಲಿನಲ್ಲಿ ಚಂದ ಕಾಣಲೆಂದು ಬೇಕೆಂದೇ ನಿಜವನ್ನು ಬಿಟ್ಟುಕೊಟ್ಟಿರಬೇಕು ಎಂದ.

ಆನಿಯ ಮಾತನ್ನು ಡಾರ್ವಿನ್ ಮನೆಯಲ್ಲಿ ಎತ್ತುತ್ತಿರಲಿಲ್ಲ ಎಂದು ಇನ್ನೊಬ್ಬ ಮಗಳು ಹೆನ್ರಿಯೆಟಾ ಬರೆದಿದ್ದಾಳೆ. ಅವಳನ್ನು ನೆನೆದರೆ ಈಗಲೂ ಒಮ್ಮೊಮ್ಮೆ ಕಣ್ಣು ತುಂಬುತ್ತದೆ ಎಂದು ತನ್ನ ಆತ್ಮಕಥೆಯಲ್ಲಿ ಮಾತ್ರ ಅವನು ಬರೆದುಕೊಂಡ. 1872ರ ಪುಸ್ತಕದಲ್ಲಿ ಆನಿಯ ಪ್ರಸ್ತಾಪವೇ ಇಲ್ಲ. ಆದರೆ ದುಃಖದ ಅಧ್ಯಾಯದಲ್ಲಿ ಒಂದು ರೈಲು ಪ್ರಯಾಣವಿದೆ.

ಡಬ್ಬಿಯಲ್ಲಿ ಎದುರಿಗೆ ವಯಸ್ಸಾದ ಹೆಂಗಸೊಬ್ಬಳು ಕುಳಿತಿದ್ದಳು, ನೆಮ್ಮದಿಯಾಗಿ, ಏನೋ ಯೋಚನೆಯಲ್ಲಿ. ನೋಡುತ್ತಿದ್ದಂತೆ ಅವಳ ತುಟಿಯ ಕೊನೆಗಳು ತುಸುವೇ ಕೆಳಗಿಳಿದವು. ಮುಖ ಎಷ್ಟು ಶಾಂತವಾಗಿತ್ತೆಂದರೆ, ಈ ಚಲನೆಗೆ ಏನೂ ಅರ್ಥವಿರಲಾರದು ಎಂದುಕೊಂಡ ಡಾರ್ವಿನ್. ಮರುಕ್ಷಣ ಅವಳ ಕಣ್ಣು ತುಂಬಿ ತುಳುಕುವಂತಾಯಿತು. ಯಾವುದೋ ನೋವಿನ ನೆನಪು ಹಾದುಹೋಗಿರಬೇಕು, ಬಹುಶಃ ಬಹಳ ಹಿಂದೆ ಕಳೆದುಕೊಂಡ ಮಗುವಿನದು ಎಂದು ಅವನು ಬರೆಯುತ್ತಾನೆ. ಆ ಹೆಂಗಸು ಒಂದು ಮಾತೂ ಆಡಿರಲಿಲ್ಲ. ಮಗುವೆಂಬುದು ಅವನದೇ ಊಹೆ.

ಅಲ್ಲಿಂದ ಅವನು ಮತ್ತೆ ನರ, ಸ್ನಾಯುಗಳಿಗೆ ಮರಳುತ್ತಾನೆ. ನೆನಪು ಬಂದೊಡನೆ ಅಳಲು ಸಿದ್ಧವಾಗಿ ಎಂಬ ಆಜ್ಞೆ ಬಾಯಿಯ ಸ್ನಾಯುಗಳಿಗೂ ಉಸಿರಿನ ಸ್ನಾಯುಗಳಿಗೂ ಹೋಯಿತು. ವರ್ಷಗಟ್ಟಲೆ ಅಳು ನುಂಗಿದ ಅಭ್ಯಾಸ ಅದನ್ನು ತಡೆಯಿತು. ಬಾಯಿ ತೆರೆಯಲಿಲ್ಲ, ಉಸಿರು ಏರಲಿಲ್ಲ. ಮಾತು ಕೇಳದೆ ಉಳಿದವು ತುಟಿಯ ಕೊನೆಯ ಆ ಎರಡು ಸಣ್ಣ ಸ್ನಾಯುಗಳು ಮಾತ್ರ.